ಕ್ರಮಸಂಖ್ಯೆ 31: ಮಾಗಡಿ ರಸ್ತೆಯ ಒಂದು ಗೋದಾಮಿನ ಪ್ರಕರಣ

ಮಾಗಡಿ ರಸ್ತೆಯ ಟೋಲ್‌ಗೇಟ್ ಸಮೀಪದ ಓಣಿಯೊಂದರಲ್ಲಿ, ಮನೆ ಸಾಮಾನು ಸಾಗಿಸುವುದನ್ನೇ ಮೂರು ತಲೆಮಾರಿನಿಂದ ಕಸುಬಾಗಿಸಿಕೊಂಡ ಕುಟುಂಬವಿದೆ. ಹೆಸರು ಬೇಡ ಎಂದಿದ್ದಾರೆ. ಹಾಗಾಗಿ ಇಲ್ಲಿ ತಾತ, ಅಪ್ಪ, ಚಿಕ್ಕಪ್ಪ, ಮಗಳು ಎಂದಷ್ಟೇ ಬರೆಯುತ್ತೇನೆ. ಅವರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಮಗಳು ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಆ ಮನೆಯ ಕಾಫಿ ಕುಡಿದಿದ್ದೇನೆ. ನನಗೆ ಯಾರ ಪಕ್ಷವೂ ಇಲ್ಲ ಎಂದು ಹೇಳಿದರೆ ನೀವು ನಂಬಬೇಕಾಗಿಲ್ಲ.

2022ರ ಡಿಸೆಂಬರಿನಲ್ಲಿ ಮಗಳು ಫೋನ್ ಮಾಡಿದಳು. "ಸರ್, ಸುಂಕದಕಟ್ಟೆಯ ಗೋದಾಮಿನಲ್ಲಿ ಒಂದು ಮನೆಯ ಸಾಮಾನು ಹಾಗೇ ಬಿದ್ದಿದೆ. ಬಾಡಿಗೆ ನಿಂತು ಎರಡು ವರ್ಷವಾಗುತ್ತಾ ಬಂತು. ಚಿಕ್ಕಪ್ಪ ಗುಜರಿಗೆ ಹಾಕೋಣ ಎನ್ನುತ್ತಾರೆ. ಅಪ್ಪ ಮುಟ್ಟಬೇಡಿ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ?"

ಕಾನೂನು ಹೇಳುವುದನ್ನು ತಿಳಿಸಲು ಹತ್ತು ನಿಮಿಷ ಸಾಕಿತ್ತು. ಆದರೆ ಆ ಸಾಮಾನನ್ನು ಯಾವ ಕಾಗದದ ಮೇಲೆ ಇಟ್ಟುಕೊಂಡಿರಿ ಎಂದು ಕೇಳಿದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಎತ್ತಿನ ಗಾಡಿಯವರೆಗೆ ಹಿಂದಕ್ಕೆ ಹೋಗಬೇಕಾಯಿತು.

ಕೊಟ್ಟಿಗೆ ಗೋದಾಮಾದದ್ದು

ತಾತ ಮಾಗಡಿ ಕಡೆಯವರು. ಜೋಡೆತ್ತು, ಒಂದು ಗಾಡಿ. ರೈಲ್ವೆ ಗೂಡ್ಸ್ ಷೆಡ್ಡಿನಿಂದ ತರಗುಪೇಟೆಯ ಮಂಡಿಗಳಿಗೆ ಅಕ್ಕಿ, ಬೇಳೆಯ ಮೂಟೆ ಹೊಡೆಯುತ್ತಿದ್ದರು. ಮನೆ ಸಾಮಾನು ಎಂದರೆ ಅವರಿಗೆ ತಲೆನೋವು. ಮೂಟೆ ಬಿದ್ದರೆ ಎತ್ತಿಡಬಹುದು, ಕನ್ನಡಿ ಬಿದ್ದರೆ ಏನನ್ನು ಎತ್ತುವುದು ಎನ್ನುತ್ತಿದ್ದರಂತೆ.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಶಾಖೆಗಳು ಊರೂರಿಗೆ ಹಬ್ಬಿದವು, ಅವುಗಳ ಹಿಂದೆ ವರ್ಗಾವಣೆಗಳೂ ಬಂದವು. ಬೆಂಗಳೂರಿನಲ್ಲಿ ಆಗಲೇ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬೇರೂರಿದ್ದವು. ಸಾಮಾನು ಸಾಗಿಸಿದ ಖರ್ಚನ್ನು ಕಚೇರಿ ಕೊಡುತ್ತದೆ, ಆದರೆ ರಸೀದಿ ಬೇಕು ಎನ್ನುವ ಹೊಸ ಬಗೆಯ ಗಿರಾಕಿ ಹುಟ್ಟಿಕೊಂಡ. ತಾತನಿಗೆ ಓದು ಅಷ್ಟಕ್ಕಷ್ಟೆ. ಆದರೂ ಒಂದು ರಸೀದಿ ಪುಸ್ತಕ ಅಚ್ಚು ಹಾಕಿಸಿದರು. ಮನೆಯಲ್ಲೇ ಸಾಮಾನು ಕಟ್ಟಿ, ಗಾಡಿಯಲ್ಲಿ ಕಲಾಸಿಪಾಳ್ಯದ ಲಾರಿ ಆಫೀಸಿಗೆ ತಲುಪಿಸುವುದು ಅವರ ಕೆಲಸ. ಅಲ್ಲಿಂದ ಮುಂದೆ ಲಾರಿಯವರದು.

ಕಟ್ಟುವುದೆಂದರೆ ಈಗಿನ ಹಾಗೆ ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ ಬಿಚ್ಚುವುದಲ್ಲ. ಪಾತ್ರೆಗಳ ನಡುವೆ ಒಣಹುಲ್ಲು, ಗಾಜಿಗೆ ಹಳೆಯ ಸೀರೆ, ಪುಸ್ತಕಕ್ಕೆ ಅಂಗಡಿಯಿಂದ ತಂದ ಚಹಾ ಪೆಟ್ಟಿಗೆ. ಬೀರುವಿಗೆ ಗೋಣಿತಾಟು ಸುತ್ತಿ ದಬ್ಬಣದಿಂದ ಹುರಿಯಲ್ಲಿ ಹೊಲಿಯುತ್ತಿದ್ದರು. ಆ ದಬ್ಬಣ ಇಂದಿಗೂ ಅವರ ಆಫೀಸಿನ ಮೇಜಿನ ಡ್ರಾಯರಿನಲ್ಲಿದೆ. ಕಣ್ಣಿನ ಕಡೆ ಹಳದಿಗೆ ತಿರುಗಿದೆ, ಮೊನೆ ಇನ್ನೂ ಚುರುಕಾಗಿದೆ. ಅಪ್ಪ ಅದರಲ್ಲಿ ಕಾಗದಕ್ಕೆ ತೂತು ಹೊಡೆಯುತ್ತಾರೆ.

ಸಾಮಾನಿನ ಪಟ್ಟಿ ಬರೆಯುವ ಅಭ್ಯಾಸವೂ ತಾತನದೇ. ಕರ್ನಾಟಕದಲ್ಲಿ 1979ರವರೆಗೆ ಆಕ್ಟ್ರಾಯ್ ಇತ್ತು. ಊರಿನೊಳಗೆ ಬರುವ ಸರಕಿಗೆ ಗಡಿಯಲ್ಲಿ ಸುಂಕ ಕಟ್ಟಬೇಕು. ಸುಂಕದಕಟ್ಟೆ, ಟೋಲ್‌ಗೇಟ್ ಎಂಬ ಹೆಸರುಗಳು ಮಾಗಡಿ ರಸ್ತೆಗೆ ಸುಮ್ಮನೆ ಅಂಟಿಕೊಂಡವಲ್ಲ. ಇದು ವ್ಯಾಪಾರದ ಸರಕಲ್ಲ, ಬಳಸಿದ ಮನೆ ಸಾಮಾನು ಎಂದು ಗುಮಾಸ್ತನಿಗೆ ತೋರಿಸಲು ಒಂದೊಂದನ್ನೂ ಬರೆದ ಹಾಳೆ ಇದ್ದರೆ ಮಾತು ಕಡಿಮೆಯಾಗುತ್ತಿತ್ತು ಎನ್ನುತ್ತಾರೆ ಅಪ್ಪ. ಆಕ್ಟ್ರಾಯ್ ಹೋದರೂ ಹಾಳೆ ಉಳಿಯಿತು. ತಮಾಷೆಯೆಂದರೆ 2018ರಲ್ಲಿ ಸರಕಿನ ಜೊತೆ ಇರಬೇಕಾದ ಆನ್‌ಲೈನ್ ಚೀಟಿ, ಇ–ವೇ ಬಿಲ್, ಬಂದಾಗ ಬಳಸಿದ ಮನೆ ಸಾಮಾನಿಗೆ ವಿನಾಯಿತಿ ಕೊಟ್ಟರು. ಆದರೆ ಅದು ಬಳಸಿದ್ದು ಎಂದು ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ತೋರಿಸಿಕೊಡಬೇಕಾದವನು ಡ್ರೈವರ್. ಅವನ ಕೈಯಲ್ಲಿರುವುದು ಅದೇ ಹಾಳೆ.

ಅಪ್ಪ ಮೆಟಡಾರ್ ಕೊಂಡರು. ಎತ್ತುಗಳು ಹೋದವು. 1986ರಲ್ಲಿ ಟಾಟಾ 407 ಮಾರುಕಟ್ಟೆಗೆ ಬಂದ ಮೇಲೆ ಅದೂ ಒಂದು ಬಂತು. ಮನೆಯ ಹಿಂದಿನ ಕೊಟ್ಟಿಗೆ ಖಾಲಿಯಾಗಿತ್ತು. ವರ್ಗಾವಣೆಯಾದ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಹೊಸ ಊರಿನಲ್ಲಿ ಕ್ವಾರ್ಟರ್ಸ್ ಸಿಗುವುದು ಎರಡು ತಿಂಗಳು ತಡವಾಯಿತು. "ನಿಮ್ಮ ಕೊಟ್ಟಿಗೆಯಲ್ಲಿ ಇರಲಿ" ಎಂದರು. ಇರಲಿ ಎಂದು ಇಟ್ಟುಕೊಂಡರು. ಗೋದಲಿಯ ಮೇಲೆ ಹಲಗೆ ಹಾಸಿ ಅದರ ಮೇಲೆ ಸೋಫಾ. ಬಾಡಿಗೆಯನ್ನೂ ಆ ಅಧಿಕಾರಿಯೇ ಗೊತ್ತು ಮಾಡಿದರಂತೆ.

ಆದರೆ ಗೋದಾಮು ನಿಜವಾದ ವ್ಯವಹಾರವಾದದ್ದು ಆಷಾಢದಿಂದ. ಇದನ್ನು ಯಾವ ವ್ಯವಹಾರ ಶಾಸ್ತ್ರದ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಬೆಂಗಳೂರಿನ ಬಾಡಿಗೆ ಕರಾರು ಹನ್ನೊಂದು ತಿಂಗಳದು. ಅದು ಯಾವ ತಿಂಗಳಲ್ಲಿ ಮುಗಿಯಬೇಕೆಂದು ಪಂಚಾಂಗ ನೋಡಿ ಬರೆಯುವುದಿಲ್ಲ. ಜೂನ್ ಕೊನೆಗೆ ಮನೆ ಬಿಡಬೇಕು, ಹೊಸ ಮನೆಯಲ್ಲಿ ಆಷಾಢದಲ್ಲಿ ಹಾಲು ಉಕ್ಕಿಸುವಂತಿಲ್ಲ. ಆಗ ಸಂಸಾರ ನೆಂಟರ ಮನೆಗೆ, ಸಾಮಾನು ಕೊಟ್ಟಿಗೆಗೆ. ಸಾಗಣೆಯವರಿಗೆಲ್ಲ ಆಷಾಢ ಬಿಡುವಿನ ತಿಂಗಳು. ಇವರಿಗೆ ಮಾತ್ರ ಆ ತಿಂಗಳೂ ಸಂಬಳ ಕೊಡುವಷ್ಟು ಹುಟ್ಟುತ್ತಿತ್ತು. ಹಮಾಲರು ಬಿಟ್ಟುಹೋಗಲಿಲ್ಲ, ಕೆಲಸ ಬಲ್ಲ ಕೈಗಳು ಉಳಿದವು. ಇಪ್ಪತ್ತೈದು ವರ್ಷದಿಂದ ಇರುವ ಮೇಸ್ತ್ರಿ ಈ ಕಥೆಯಲ್ಲಿ ಮುಂದೆ ಬರುತ್ತಾರೆ.

ಕೊಟ್ಟಿಗೆ ಸಾಲದಾದಾಗ ಸುಂಕದಕಟ್ಟೆಯಲ್ಲಿ ತಗಡಿನ ಚಾವಣಿಯ ಗೋದಾಮು ಬಾಡಿಗೆಗೆ ಹಿಡಿದರು. ಆ ಹೊತ್ತಿಗೆ ಚಿಕ್ಕಪ್ಪ ಹಣಕಾಸು ನೋಡಿಕೊಳ್ಳುತ್ತಿದ್ದರು. ರಸ್ತೆ ಮೂಲಕ ಸರಕು ಸಾಗಣೆಗೆ 1865ರ ಕಾಯ್ದೆಯ ಬದಲಿಗೆ 2007ರಲ್ಲಿ ಹೊಸದು ಬಂದು, 2011ರ ಮಾರ್ಚ್ 1ರಿಂದ ಜಾರಿಯಾಯಿತು. ಸಾಗಣೆದಾರ ನೋಂದಣಿ ಮಾಡಿಸಬೇಕು, ಹಾನಿಯಾದರೆ ಹೊಣೆ ಸಾಮಾನ್ಯವಾಗಿ ಸಾಗಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ, ಇತ್ಯಾದಿ. ಚಿಕ್ಕಪ್ಪ ಅದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿಸಿದರು. ಲಾರಿಗೆ ಸಂಬಂಧಿಸಿದ ಕಾಗದ ಒಂದೂ ಬಾಕಿಯಿರಲಿಲ್ಲ. ಗೋದಾಮಿಗೆ ಸಂಬಂಧಿಸಿದ ಕಾಗದ ಒಂದೂ ಇರಲಿಲ್ಲ.

ಅಂದರೆ ಪಟ್ಟಿ ಇತ್ತು, ಅದ್ಭುತವಾದ ಪಟ್ಟಿ. ಕ್ರಮಸಂಖ್ಯೆ, ವಸ್ತು, ಸ್ಥಿತಿ. ಸ್ಥಿತಿ ಎಂಬ ಕಾಲಮ್ಮಿನಲ್ಲಿ "ಎಡಗಾಲು ಅಲ್ಲಾಡುತ್ತದೆ", "ಮೂಲೆ ಮೊದಲೇ ಒಡೆದಿದೆ" ಎಂಬ ಬರಹ. ಪ್ರತಿ ಹಾಳೆಗೂ ಗಿರಾಕಿಯ ಸಹಿ. ಹಿಂಬದಿಯಲ್ಲಿ ಒಡವೆ, ನಗದು, ಗ್ಯಾಸ್ ಸಿಲಿಂಡರ್ ಸ್ವೀಕರಿಸುವುದಿಲ್ಲ ಎಂಬ ಒಂದು ಸಾಲು. ಎಷ್ಟು ದಿನಕ್ಕೆ ಇಡುತ್ತಿದ್ದೀರಿ, ಬಾಡಿಗೆ ನಿಂತರೆ ಏನು, ಯಾರು ಬಂದರೆ ಕೊಡಬೇಕು ಎಂಬುದರ ಸೊಲ್ಲೇ ಇಲ್ಲ. ಮನೆಯ ಕೊಟ್ಟಿಗೆಯಲ್ಲಿ ಪರಿಚಯದವರ ಸಾಮಾನು ಇಟ್ಟುಕೊಂಡ ಕಾಲದ ಕಾಗದವೇ ಊರು ಇಷ್ಟಾದ ಮೇಲೂ ಮುಂದುವರಿದಿತ್ತು. ಲೆಕ್ಕ ನೋಡುವ ನಾನೂ ಇದನ್ನು ಕೇಳಿರಲಿಲ್ಲ.

2020ರ ಜೂನ್

ಮಾರ್ಚ್ 25ರಿಂದ ಲಾಕ್‌ಡೌನ್. ಮೇ, ಜೂನ್ ಹೊತ್ತಿಗೆ ಮನೆಯಿಂದಲೇ ಕೆಲಸ ಮಾಡಿ ಎಂದ ಕಂಪನಿಗಳ ಹುಡುಗರೆಲ್ಲ ಬಾಡಿಗೆ ಮನೆ ಬಿಟ್ಟು ಊರಿಗೆ ಹೊರಟರು. ಎರಡು ಮೂರು ತಿಂಗಳ ಮಾತು, ಮಂಚ ಬೀರು ಊರಿಗೇಕೆ ಎಂದು ಗೋದಾಮಿಗೆ ಹಾಕಿದರು. ಸುಂಕದಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಮನೆಗೂ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆಯೊಳಗೆ ಚಾವಣಿಯವರೆಗೆ ಪೇರಿಸಿದ್ದರು.

ಬಸವೇಶ್ವರನಗರದ ಒಂದು ಮನೆಯ ಸಾಮಾನು ಬಂದದ್ದು ಆಗಲೇ. ಗಂಡ, ಹೆಂಡತಿ, ಮಕ್ಕಳಿಲ್ಲ. ಪಟ್ಟಿಯಲ್ಲಿ 47 ವಸ್ತುಗಳು. ಎಂಟು ತಿಂಗಳು ಬಾಡಿಗೆ ಸರಿಯಾಗಿ ಬಂತು. 2021ರ ಫೆಬ್ರವರಿಯ ನಂತರ ಬರಲಿಲ್ಲ. ಮೊದಲು ಫೋನ್ ತೆಗೆಯುವುದನ್ನು ನಿಲ್ಲಿಸಿದರು, ಆಮೇಲೆ ಆ ನಂಬರೇ ಚಾಲ್ತಿಯಲ್ಲಿಲ್ಲ ಎಂದಿತು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ. ಆ ದಿನಗಳಲ್ಲಿ ಯಾರನ್ನಾದರೂ ಬಾಕಿ ಕೊಡಿ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ ಎಂದು ಮಗಳು ಹೇಳಿದ್ದು ಸುಳ್ಳಲ್ಲ.

ನಿರ್ಬಂಧ ಸಡಿಲವಾದ ಮೇಲೆ ಜೂನಿನಲ್ಲಿ ಗೋದಾಮಿನ ಬಾಗಿಲು ತೆಗೆದರು. ಸುಮಾರು ಆರು ವಾರ ಮುಚ್ಚಿದ್ದ ತಗಡಿನ ಕೆಳಗೆ ಕಾವು ಮುಖಕ್ಕೆ ಹೊಡೆಯಿತಂತೆ. ಅಪ್ಪ ಒಂದೊಂದೇ ಗೆರೆಯ ಬಳಿ ನಿಂತು ಇಲಿ, ಗೆದ್ದಲು ನೋಡುತ್ತ ಬಂದವರು ಈ ಮನೆಯ ಬಳಿ ನಿಂತರು. ಕಂಬಳಿ ಸುತ್ತಿದ ಉದ್ದನೆಯ ಗಂಟಿನ ಮೇಲೆ 31 ಎಂಬ ಚೀಟಿ. ವೀಣೆ. ಅವರಿಗೆ ಸಂಗೀತ ಬಾರದು, ಆದರೆ ಸಾಗಿಸಿ ಗೊತ್ತು. ಹಲಸಿನ ಮರಕ್ಕೆ ಕಾವಿನಿಂದ ಅಷ್ಟೇನೂ ಆಗುವುದಿಲ್ಲ; ದಂಡಿಯ ಮೇಲೆ ತಂತಿಯಡಿ ಸಾಲಾಗಿರುವ 24 ಲೋಹದ ಮೆಟ್ಟಿಲುಗಳು ನಿಂತಿರುವುದು ಕಾವಿಗೆ ಕರಗುವ ಮೇಣದಲ್ಲಿ. ಅಂದೇ ಅದನ್ನು ಮನೆಗೆ ತಂದು ತಮ್ಮ ಕೋಣೆಯಲ್ಲಿ ಮಂಚದ ಪಕ್ಕ ಮಲಗಿಸಿದರು. ಪಟ್ಟಿಯಲ್ಲಿ 31ರ ಎದುರು "ಮನೆಯಲ್ಲಿದೆ" ಎಂದು ಬರೆದು ದಿನಾಂಕ ಹಾಕಿದರು. ಕಂಬಳಿ ಬಿಚ್ಚಲಿಲ್ಲ. ಬಿಚ್ಚಿ ನೋಡಬೇಕಿತ್ತು ಎಂದು ನಾನು ಆಮೇಲೆ ಹೇಳಿದಾಗ, ಗಿರಾಕಿ ಇಲ್ಲದೆ ಗಂಟು ಬಿಚ್ಚುವುದು ನಮ್ಮಲ್ಲಿಲ್ಲ ಎಂದರು.

ಗುಜರಿ, ಕಾಯ್ದೆ, ಮೂವತ್ತು ದಿನ

ಚಿಕ್ಕಪ್ಪನ ಅವಸರಕ್ಕೆ ಕಾರಣವಿತ್ತು. ಗೋದಾಮಿನ ಮಾಲೀಕರು ಬಾಡಿಗೆ ಏರಿಸಿದ್ದರು. ಮೆಟ್ರೊ ಓಡಲಾರಂಭಿಸಿದ ಮೇಲೆ ಹಳೆಯ ಕೊಟ್ಟಿಗೆಯ ಜಾಗಕ್ಕೆ ಬಿಲ್ಡರುಗಳು ಬಂದು ಹೋಗುತ್ತಿದ್ದರು. ಅಪ್ಪ ಅದಕ್ಕೂ ಒಪ್ಪಿರಲಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿಸಿಕೊಳ್ಳುವವರು ಊರೊಳಗಿನ ಸಣ್ಣ ಸಾಗಣೆಯನ್ನು ಕಿತ್ತುಕೊಂಡಿದ್ದರು. ಕಡಿಮೆ ದರ ಹೇಳಿ, ಸಾಮಾನು ಲಾರಿಗೆ ಹತ್ತಿದ ಮೇಲೆ ಇನ್ನಷ್ಟು ಕೊಟ್ಟರೇ ಇಳಿಸುತ್ತೇವೆ ಎನ್ನುವ ಮೋಸಗಾರರಿಂದ ಕಸುಬಿನ ಹೆಸರೇ ಕೆಟ್ಟಿತ್ತು. ಇಷ್ಟರ ನಡುವೆ ದುಡಿಯದ 47 ವಸ್ತುಗಳು ಅವರ ಕಣ್ಣಿಗೆ ಚುಚ್ಚುತ್ತಿದ್ದವು. ಲಾರಿ ಆಫೀಸಿನವರು ಬೇರೆ ಹೇಳಿದ್ದರು: ನೋಟಿಸ್ ಕೊಟ್ಟು ಮೂವತ್ತು ದಿನ ಕಾದರೆ ಮಾರಬಹುದು.

ಆ ಮೂವತ್ತು ದಿನ 2007ರ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಅದು ಸಾಗಣೆಯ ಸರಕನ್ನು ಪಡೆಯಬೇಕಾದವರು ಬಂದು ಬಿಡಿಸಿಕೊಳ್ಳದಿದ್ದಾಗಿನ ಮಾತು. ಇಲ್ಲಿ ಸಾಗಣೆ ಜೂನಿನ ಒಂದೇ ದಿನಕ್ಕೆ ಮುಗಿದು, ಹಣವೂ ಸಂದಿತ್ತು. ಅನಂತರದ್ದು ಇಟ್ಟುಕೊಳ್ಳುವ ವ್ಯವಹಾರ. ಅದಕ್ಕೆ 1872ರ ಕರಾರು ಕಾಯ್ದೆ. ಅದರ 151ನೇ ಕಲಂ ಪ್ರಕಾರ ಇಟ್ಟುಕೊಂಡವನು ತನ್ನದೇ ವಸ್ತುವನ್ನು ವಿವೇಕಿಯೊಬ್ಬ ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು. ಬಾಕಿಗಾಗಿ ವಸ್ತುವನ್ನು ತಡೆಹಿಡಿಯುವ ಹಕ್ಕು 170ರಲ್ಲಿದೆ, ಆದರೆ ಆ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದ್ದರೆ. ಸುಮ್ಮನೆ ಸೂರಿನಡಿ ಇಟ್ಟದ್ದು ಶ್ರಮವೇ ಎಂದು ಎದುರು ಪಕ್ಷದ ವಕೀಲರು ಕೇಳದೆ ಬಿಡುವುದಿಲ್ಲ. 171ರಲ್ಲಿ ಯಾವುದೇ ಬಾಕಿಗೆ ವಸ್ತು ಹಿಡಿದಿಡಬಲ್ಲ ಐದು ಬಗೆಯವರ ಪಟ್ಟಿಯಿದೆ. ಬ್ಯಾಂಕಿನವರಿದ್ದಾರೆ, ಹಡಗುಕಟ್ಟೆಯವರಿದ್ದಾರೆ, ಗೋದಾಮಿನವರಿಲ್ಲ. ಉಳಿದವರಿಗೆ ಆ ಹಕ್ಕು ಬೇಕಿದ್ದರೆ ಸ್ಪಷ್ಟವಾದ ಕರಾರು ಇರಬೇಕು. ಹಿಡಿದಿಡುವ ಹಕ್ಕು ಇದ್ದರೂ ಅದು ಮಾರುವ ಹಕ್ಕಲ್ಲ.

ಇಷ್ಟನ್ನೂ ಹೇಳಿದಾಗ ಚಿಕ್ಕಪ್ಪ ಒಂದೇ ಮಾತು ಕೇಳಿದರು. "ಹಾಗಾದರೆ ಅವರ ಸಾಮಾನನ್ನು ನಾವು ಸಾಯುವವರೆಗೆ ಬಾಡಿಗೆಯಿಲ್ಲದೆ ಕಾಯಬೇಕೆ?" ನನ್ನ ಬಳಿ ಉತ್ತರವಿರಲಿಲ್ಲ. ಕೋರ್ಟಿಗೆ ಹೋಗಬಹುದು, ಖರ್ಚು ಸಾಮಾನಿನ ಬೆಲೆಗಿಂತ ಹೆಚ್ಚು. ಅಲ್ಲದೆ ನನ್ನ ತಪ್ಪೂ ಒಂದಿತ್ತು. ಬಾಡಿಗೆ ನಿಂತ ಮೇಲೂ ನಾವು ತಿಂಗಳು ತಿಂಗಳು ಬಿಲ್ ಮಾಡುತ್ತಲೇ ಇದ್ದೆವು. ಬಿಲ್ ಮಾಡಿದ ಮೇಲೆ ಹಣ ಬರಲಿ ಬಿಡಲಿ ಶೇ 18ರಷ್ಟು ಜಿಎಸ್‌ಟಿ ಕಟ್ಟಬೇಕು. ಬಾರದ ಬಾಡಿಗೆಗೆ ತೆರಿಗೆ ಕಟ್ಟಿಸಿದ ಆಡಿಟರ್ ಎಂದು ಚಿಕ್ಕಪ್ಪ ಇಂದಿಗೂ ನೆನಪಿಸುತ್ತಾರೆ.

ಹುಡುಕಾಟ

ಗಂಡ ಕೊಟ್ಟಿದ್ದ ಊರಿನ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಹೋಯಿತು. "ಮನೆ ಬಿಟ್ಟಿದ್ದಾರೆ" ಎಂಬ ಷರಾದೊಂದಿಗೆ ಮರಳಿತು. ಮನೆ ಬಿಡಿಸುವುದನ್ನೇ ಕಸುಬು ಮಾಡಿಕೊಂಡವರ ಟೇಬಲ್ಲಿಗೆ ಬಂದ ಆ ಲಕೋಟೆ ನೋಡಿ ನಗಬೇಕೋ ಬೇಡವೋ ತಿಳಿಯಲಿಲ್ಲ.

ದಾರಿ ತೋರಿಸಿದವರು ಮೇಸ್ತ್ರಿ. ಸಾಮಾನು ಇಳಿಸಿದ ದಿನ ಕೆಳಗಿನ ಮನೆಯ ಮಾಲೀಕರು ಅಡ್ವಾನ್ಸಿನಲ್ಲಿ ಸುಣ್ಣ ಬಣ್ಣಕ್ಕೆಂದು ಹಣ ಹಿಡಿದುಕೊಂಡು ಗಂಡನ ಜೊತೆ ಜಗಳವಾಡಿದ್ದು ಅವರಿಗೆ ನೆನಪಿತ್ತು. "ಜಗಳವಾಡಿದವರು ಕಾಗದ ಎಸೆದಿರುವುದಿಲ್ಲ" ಎಂದರು. ಮಗಳು ಬಸವೇಶ್ವರನಗರಕ್ಕೆ ಹೋದಳು. ಮಾಲೀಕರು ಬಾಡಿಗೆ ಕರಾರನ್ನು ನಿಜಕ್ಕೂ ಎತ್ತಿಟ್ಟಿದ್ದರು. ಸಾಕ್ಷಿಯ ಜಾಗದಲ್ಲಿ ಹೆಂಡತಿಯ ಅಣ್ಣನ ಸಹಿ, ವಿಳಾಸ.

ಅಣ್ಣನ ಮೂಲಕ ಆಕೆ ಸಿಕ್ಕರು. ಗಂಡ ಹೆಂಡತಿ 2021ರಲ್ಲೇ ಬೇರೆಯಾಗಿದ್ದರು. ಗಂಡ ವಿದೇಶಕ್ಕೆ ಹೋಗಿದ್ದರು. ಸಾಮಾನನ್ನು ಅವರು ಬಿಡಿಸಿಕೊಂಡಿದ್ದಾರೆ ಎಂದು ಈಕೆ, ಈಕೆ ಬಿಡಿಸಿಕೊಂಡಿದ್ದಾರೆ ಎಂದು ಅವರು ಅಂದುಕೊಂಡಿದ್ದರು. ಕೇಳಿ ನೋಡುವಷ್ಟು ಮಾತು ಇಬ್ಬರ ನಡುವೆ ಉಳಿದಿರಲಿಲ್ಲ. ಮಗಳು ಗೋದಾಮಿನ ಹೆಸರು ಹೇಳಿದ ಕೂಡಲೇ ಆಕೆ ಕೇಳಿದ್ದು ಒಂದೇ: "ವೀಣೆ ಇದೆಯೇ?"

ಚಿಕ್ಕಪ್ಪನಿಗೆ ಹೊಸ ಉತ್ಸಾಹ ಬಂತು. ಎಲ್ಲವನ್ನೂ ಆಕೆಗೇ ಕೊಟ್ಟು ಬಾಕಿ ವಸೂಲು ಮಾಡೋಣ. ನಾನು ಬೇಡ ಎಂದೆ. ಇಟ್ಟವರು ಗಂಡ, ಸಹಿ ಗಂಡನದು. ಬೇರೊಬ್ಬರು ಬಂದು ನನ್ನದು ಎಂದರೆ ಅದನ್ನು ತೀರ್ಮಾನಿಸಲು 167ನೇ ಕಲಂ ಕೋರ್ಟಿನ ದಾರಿ ತೋರಿಸುತ್ತದೆ, ಗೋದಾಮಿನವರಿಗೆ ನ್ಯಾಯಾಧೀಶರ ಪಟ್ಟ ಕಟ್ಟುವುದಿಲ್ಲ. ನಾಳೆ ಗಂಡ ಬಂದು ನನ್ನ ಸಾಮಾನು ಎಲ್ಲಿ ಎಂದರೆ ಹೊಣೆ ಇವರದೇ.

ಮಗಳು ಮೂಲ ಪಟ್ಟಿಯನ್ನು ಹೊರತೆಗೆದದ್ದು ಆಗ. ಹಾಳೆಯ ಕೆಳಗೆ ಗಂಡನ ಸಹಿ ಇತ್ತು. ಆದರೆ ಎರಡನೆಯ ಹಾಳೆಯಲ್ಲಿ 31ರ ಎದುರು, ಸ್ಥಿತಿ ಎಂಬ ಕಾಲಮ್ಮಿನಲ್ಲಿ, ಬೇರೆಯೇ ದುಂಡಗಿನ ಅಕ್ಷರ: "ತಂತಿ ಸಡಿಲಿಸಿದ್ದೇನೆ. ಮೇಲೆ ಏನೂ ಇಡಬೇಡಿ." ಪಕ್ಕದಲ್ಲಿ ಆಕೆಯ ಚಿಕ್ಕ ಸಹಿ. ಸಾಮಾನು ಕಟ್ಟಿದ ದಿನ ಮೇಸ್ತ್ರಿಯ ಕೈಯಿಂದ ಪೆನ್ನು ತೆಗೆದುಕೊಂಡು ಬರೆದಿದ್ದರಂತೆ. ಸಹಿ ಮಾಡಿದ ಗಂಡ ಆ ಸಾಲನ್ನು ನೋಡಿಯೇ ಮಾಡಿದ್ದರು ಎಂದಾಯಿತು. ವೀಣೆ ಯಾರದೆಂದು ಇದಕ್ಕಿಂತ ಚೆನ್ನಾಗಿ ಹೇಳುವ ಕಾಗದವನ್ನು ನಾನು ಬರೆದುಕೊಡಲಾರೆ. ಆದರೂ ಹಾಳೆಯ ಚಿತ್ರ ತೆಗೆದು, ಅಣ್ಣನಿಂದ ಪಡೆದ ವಿಳಾಸಕ್ಕೆ ಮಿಂಚಂಚೆಯಲ್ಲಿ ಕಳಿಸಿ ಗಂಡನ ಒಪ್ಪಿಗೆ ಕೇಳಿದೆವು. ಮೂರು ವಾರದ ನಂತರ ಉತ್ತರ ಬಂತು. ವೀಣೆ ಅವರದು, ಕೊಡಿ. ಉಳಿದದ್ದನ್ನು ಮಾರಿ ನಿಮ್ಮ ಬಾಕಿಗೆ ಹಿಡಿಯಿರಿ, ನನಗೇನೂ ಬೇಡ. ಗಂಡ ಸಹಿ ಮಾಡಿದ ಪತ್ರವೇ ಬೇಕೆಂದು ನಾನು ಹಟ ಹಿಡಿದೆ. ಅದೂ ಬಂತು. ಆಕೆಯೂ ಉಳಿದದ್ದು ತಮಗೆ ಬೇಡವೆಂದು ಬರೆದುಕೊಟ್ಟರು.

ಮಾರಾಟದ ವಿವರ ಬೇಸರದ್ದು. ಬೀರು, ಗ್ರೈಂಡರ್ ಬಿಟ್ಟರೆ ಯಾವುದಕ್ಕೂ ಬೆಲೆ ಬರಲಿಲ್ಲ. ಮೂರು ಬೇಸಿಗೆ ಕಂಡ ಹಾಸಿಗೆಯನ್ನು ಗುಜರಿಯವನೂ ಮುಟ್ಟಲಿಲ್ಲ. ಬಾಕಿಯ ಅರ್ಧವೂ ಹುಟ್ಟಲಿಲ್ಲ.

ಮಂಚದ ಪಕ್ಕದಿಂದ

ವೀಣೆ ಒಯ್ಯಲು ಆಕೆ ಬಂದದ್ದು 2023ರ ಏಪ್ರಿಲಿನ ಒಂದು ಭಾನುವಾರ, ಅಣ್ಣನ ಜೊತೆ. ಕಾಗದಗಳಿಗೆ ಸಹಿ ಮಾಡಿಸಬೇಕಿದ್ದರಿಂದ ನಾನೂ ಹೋಗಿದ್ದೆ. ಅಪ್ಪ ಗಂಟನ್ನು ಹಾಲ್‌ಗೆ ತಂದು ಚಾಪೆಯ ಮೇಲಿಟ್ಟು, "ನೀವೇ ಬಿಚ್ಚಿ ತಾಯಿ" ಎಂದರು. ಆಕೆ ಹುರಿಯ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಕಂಬಳಿ ಸರಿಸಿದರು. ಕೊಡ, ಯಾಳಿಮುಖ, ಸೋರೆಬುರುಡೆ ಎಲ್ಲ ನೆಟ್ಟಗಿದ್ದವು. ದಂಡಿಯ ಮೇಲೆ ಕಪ್ಪು ಮೇಣ ಒಂದು ಕಡೆಗೆ ಇಳಿದು ಗಟ್ಟಿಯಾಗಿತ್ತು. ಮೇಲಿನ ಐದಾರು ಮೆಟ್ಟಿಲುಗಳು ಅದರ ಜೊತೆ ಜಾರಿ ಓರೆಯಾಗಿ ನಿಂತಿದ್ದವು.

ಆಕೆ ಬೆರಳಿನಿಂದ ಒಂದು ಮೆಟ್ಟಿಲನ್ನು ಮುಟ್ಟಿ ನೋಡಿದರು. ಏನೂ ಹೇಳಲಿಲ್ಲ. ಅಪ್ಪ ತಾವಾಗಿಯೇ ಹೇಳಿದರು: ಲಾಕ್‌ಡೌನಿನಲ್ಲಿ ಆರು ವಾರ ಬಾಗಿಲು ತೆಗೆಯಲಿಲ್ಲ, ತಗಡಿನ ಕೆಳಗೆ ಇತ್ತು, ಆಮೇಲೆ ಮನೆಗೆ ತಂದೆ, ತಡವಾಗಿತ್ತು. ನನ್ನ ಕಿವಿಗೆ ಇದು ಹೊಣೆ ಒಪ್ಪಿಕೊಂಡ ಹೇಳಿಕೆ. ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ನೋಡಿದರು, ನಿಲ್ಲಿಸಲಿಲ್ಲ. ಮೇಣ ಹೊಸದಾಗಿ ಹಾಕಿಸಿ, ಮೆಟ್ಟಿಲುಗಳನ್ನು ಸ್ವರಕ್ಕೆ ಕೂರಿಸಿ ಮೇಳ ಕಟ್ಟಿಸಿ, ಆ ಖರ್ಚು ನಮ್ಮದು ಎಂದರು. ಎರಡು ವರ್ಷದ ಬಾಡಿಗೆ ಮುಳುಗಿಸಿದ ಮನೆಯ ಸಾಮಾನಿಗೆ ಮೇಲಿಂದ ಖರ್ಚು! ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ಒಳಗೆ ಹೋಗಿ ನೀರು ಕುಡಿದು ಬಂದರು.

ಆಕೆ ಪಟ್ಟಿಯಲ್ಲಿ 31ರ ಎದುರು ಸಹಿ ಮಾಡಿದರು. ಅಪ್ಪ ಆ ಸಾಲಿನ ಮೇಲೆ ಗೆರೆ ಎಳೆದು, ದಬ್ಬಣದಿಂದ ಹಾಳೆಗೆ ತೂತು ಹೊಡೆದು ಫೈಲಿಗೆ ಸೇರಿಸಿದರು.

ಈಗ ಅವರಲ್ಲಿ ಎರಡು ಪುಟದ ಕರಾರು ಇದೆ. ವಕೀಲರಿಂದ ಬರೆಸಿದ್ದು ಮಗಳು. ಇಡುವ ಅವಧಿ, ಬಾಡಿಗೆ ನಿಂತರೆ ಏನು, ತಡೆಹಿಡಿಯುವ ಮತ್ತು ಮಾರುವ ಹಕ್ಕು, ದಂಪತಿಯಾದರೆ ಇಬ್ಬರ ಸಹಿ, ಎರಡು ಬೇರೆ ಮನೆಗಳ ವಿಳಾಸ. ಅಪ್ಪ ಅದನ್ನು ಗಿರಾಕಿಯ ಮುಂದಿಡುವಾಗ ಇನ್ನೂ ಸಂಕೋಚಪಡುತ್ತಾರೆ. ಇಬ್ಬರ ಸಹಿ ಏಕೆ ಎಂದು ಹೊಸದಾಗಿ ಮದುವೆಯಾದವರು ಕೇಳಿದರೆ ಮಗಳ ಕಡೆ ಕೈ ತೋರಿಸುತ್ತಾರೆ.

ಆ ವರ್ಷದ ಲೆಕ್ಕ ಮುಗಿಸುವಾಗ ಚಿಕ್ಕಪ್ಪ ಫೋನ್ ಮಾಡಿದರು. ಬಾರದ ಬಾಡಿಗೆ ಮುಳುಗಿದ ಸಾಲದಲ್ಲಿ ಹೋಯಿತು, ಸರಿ. ವೀಣೆ ರಿಪೇರಿಗೆ ಕೊಟ್ಟದ್ದನ್ನು ಯಾವ ತಲೆಬರಹದಡಿ ಹಾಕಲಿ? ಗಿರಾಕಿಗೆ ಕೊಟ್ಟ ಹಾನಿ ಪರಿಹಾರ ಎಂದು ಬರೆಯಿರಿ ಎಂದೆ.

"ಅಂಥ ತಲೆಬರಹ ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ" ಎಂದರು.

ಇಷ್ಟು ವರ್ಷದಲ್ಲಿ ಏನೂ ಒಡೆದಿಲ್ಲವೇ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. "ಒಡೆಯದೆ ಏನು? ಅಣ್ಣ ಅಂಗಿ ಜೇಬಿನಿಂದ ಕೊಟ್ಟುಬಿಡುತ್ತಿದ್ದ. ನನಗೆ ಹೇಳುತ್ತಿರಲಿಲ್ಲ."